ಜೇನು ಕಚ್ಚಿದ ತುಟಿ

ಮೊದಲೇ ಒಂದು ಮಾತು ಹೇಳಿಬಿಡ್ತೀನಿ, ಆಮೇಲೆ ಬೈಯೋದಾದರೆ ಬೈದುಕೊಳ್ಳಿ. ಆ ಸಾಲು ಬರೆದವನು ನಾನೇ.

ಯಾವ ಸಾಲು ಅಂತೀರಾ? ಕಳೆದ ವರ್ಷ ಒಂದು ಪತ್ರಿಕೆಯಲ್ಲಿ (ಇದರಲ್ಲಲ್ಲ, ನಮ್ಮ ಸಂಪಾದಕರು ಗಾಬರಿಯಾಗಬೇಕಿಲ್ಲ) ಯಾವುದೋ ಚಿತ್ರದ ಮುಹೂರ್ತದ ಫೋಟೋ ಬಂದಿತ್ತು. ನಾಯಕಿಯ ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನಿಂತ ಒಬ್ಬ ಹುಡುಗಿ. ರೇಷ್ಮೆ ಸೀರೆ, ಮಲ್ಲಿಗೆ ಹೂವು, ನಗು... ಎಲ್ಲಾ ಸರಿ. ತುಟಿ ಮಾತ್ರ ಮುಖಕ್ಕಿಂತ ಅರ್ಧ ಇಂಚು ಮುಂದೆ. ಅದರ ಕೆಳಗೆ ನಾನು ಬರೆದದ್ದು: "ಪಾಪ, ಆರತಿ ಎತ್ತೋಕೆ ಬಂದಾಗ ಜೇನು ಕಚ್ಚಿತೇನೋ!"

ಆರು ಪದ. ಎಂಟು ಫೋಟೋಗಳಿಗೆ ಸಾಲು ಬರೆದದ್ದಕ್ಕೆ ನನಗೆ ಸಿಕ್ಕಿದ್ದು ನಾನೂರು ರೂಪಾಯಿ. ಲೆಕ್ಕ ಹಾಕಿದರೆ ಆ ಜೇನಿನ ಬೆಲೆ ಐವತ್ತು. ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಮಾರುವ ನಮ್ಮ ಗೆಳೆಯರು "ಏನ್ ಗುರು, ಈ ವಾರ ಜೇನು ಸಖತ್ತಾಗಿದೆ" ಅಂದಾಗ ನಾನು ಹಲ್ಲು ಕಿರಿದು ಒಂದು ಟೀ ಕುಡಿಸಿದೆ. ಹತ್ತು ರೂಪಾಯಿ ಹೋಯಿತು. ಉಳಿದದ್ದು ನಲವತ್ತು.

ಆ ಹುಡುಗಿ ಯಾರು ಅಂತ ನನಗೆ ಗೊತ್ತಿರಲಿಲ್ಲ ಅಂದುಕೊಂಡಿರಾ? ಚೆನ್ನಾಗಿ ಗೊತ್ತಿತ್ತು. ನಮ್ಮ ಮನೆಯ ಮಹಡಿ ಮೇಲೆ ಹನ್ನೊಂದು ವರ್ಷದಿಂದ ಬಾಡಿಗೆಗೆ ಇರುವ ಕುಟುಂಬದ ಹುಡುಗಿ ಅವಳು. ನನ್ನನ್ನು ಅಣ್ಣ ಅಂತ ಕರೆಯುತ್ತಾಳೆ. ಹೆಸರು ಹಾಕಿಲ್ಲವಲ್ಲ, ಫೋಟೋದಲ್ಲಿ ಇರೋದು ಹೆಬ್ಬೆರಳಿನಷ್ಟು ಮುಖ, ಯಾರಿಗೆ ಗೊತ್ತಾಗುತ್ತೆ ಅಂತ ನನ್ನ ಮನಸ್ಸು ನನಗೇ ವಕೀಲಿ ಮಾಡಿತು. ಇಲ್ಲೂ ಹೆಸರು ಹೇಳಲ್ಲ, ಮೊದಲ ಅಕ್ಷರವನ್ನೂ ಹೇಳಲ್ಲ. ಗಾಂಧಿನಗರದ ಗಾಸಿಪ್ ಕಾಲಂನವರಿಗೆ ಒಂದಕ್ಷರ ಸಾಕು, ಉಳಿದ ಜಾತಕ ಅವರೇ ಬರೀತಾರೆ. ನಾನೂ ಆ ಕಾಲಂನವನೇ.

ಸ್ವಲ್ಪ ನನ್ನ ಕಥೆ. ಸೆಕೆಂಡ್ ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು. ಅಕೌಂಟೆನ್ಸಿ ಕ್ಲಾಸ್ ಹೊತ್ತಿಗೆ ಮ್ಯಾಟಿನಿ ಶುರುವಾಗುತ್ತಿತ್ತು, ತಪ್ಪು ನನ್ನದೋ ಥಿಯೇಟರಿನದೋ ಇವತ್ತಿಗೂ ತೀರ್ಮಾನವಾಗಿಲ್ಲ. ಈಗ ವಯಸ್ಸು ಇಪ್ಪತ್ತೆಂಟು. ಯಾರು ಕರೆದರೂ ಬರೀತೀನಿ: ಸೆಟ್ ವರದಿ, ಫೋಟೋ ಕೆಳಗಿನ ಸಾಲು, ಹೊಸ ಹೀರೋಗಳ "ಬಾಲ್ಯದಿಂದಲೇ ನಟನೆಯ ಹುಚ್ಚು". ಅಮ್ಮನ ಪ್ರಕಾರ ಇದು ಕೆಲಸವೇ ಅಲ್ಲ. ಮಂಗಳವಾರ ಶುಕ್ರವಾರ ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಿ ಬರುತ್ತಾಳೆ, ನನಗೊಂದು ನೆಲೆ ಆಗಲಿ ಅಂತ. ಜೊತೆಗೆ ಹೋಗುವವರು ಮಹಡಿ ಮನೆ ಆಂಟಿ, ಅಂದರೆ ಆ ಹುಡುಗಿಯ ತಾಯಿ. ಅವರದೂ ಅದೇ ಹರಕೆ, ಮಗಳಿಗೊಂದು ಒಳ್ಳೆಯ ಪಾತ್ರ ಸಿಗಲಿ ಅಂತ.

ಪಾತ್ರ ಸಿಗುತ್ತಿತ್ತು, ಆದರೆ ಎಂಥದ್ದು? ಧಾರಾವಾಹಿಯಲ್ಲಿ ನಾಯಕಿಯ ಗೆಳತಿ, ನಾಯಕನ ತಂಗಿ, ಆಫೀಸಿನಲ್ಲಿ ಫೈಲು ಹಿಡಿದು ಬರುವವಳು. ಒಂದು ದಿನ ಒಬ್ಬ ಕೋ-ಆರ್ಡಿನೇಟರ್ ಮಹಾಶಯ ಅವಳ ಫೋಟೋ ನೋಡಿ, "ಕಣ್ಣು ಓಕೆ, ಮೂಗು ಓಕೆ, ತುಟಿ ಮಾತ್ರ ಗೆರೆ ಎಳೆದ ಹಾಗಿದೆ. ಸ್ವಲ್ಪ ತುಂಬಿಸಿಕೋ, ಸೆಕೆಂಡ್ ಹೀರೋಯಿನ್ ಮಾಡಿಸ್ತೀನಿ" ಅಂದನಂತೆ. ತುಂಬಿಸಿಕೋ! ಸ್ಕೂಟರಿಗೆ ಪೆಟ್ರೋಲ್ ತುಂಬಿಸಿದಷ್ಟು ಸಲೀಸು.

ತುಂಬಿಸಿಕೊಂಡಳು. ಬಿ.ಟಿ.ಎಂ. ಲೇಔಟ್ ಕಡೆ ಒಂದು ಮಹಡಿ ಮೇಲಿನ ಪಾರ್ಲರ್. ಫೇಶಿಯಲ್, ಹೆಡ್ ಮಸಾಜ್, ಬ್ರೈಡಲ್ ಮೇಕಪ್, ಕೊನೆಯ ಸಾಲಿನಲ್ಲಿ ತುಟಿ. ಹಬ್ಬದ ಆಫರ್, ಒಂಬತ್ತು ಸಾವಿರ. ಸೂಜಿ ಹಾಕಿದವರ ಗೋಡೆ ಮೇಲೆ ಯಾವುದೋ ಮೂರು ದಿನದ ತರಬೇತಿಯ ಸರ್ಟಿಫಿಕೇಟು, ಪಕ್ಕದಲ್ಲಿ ಒಬ್ಬ ತಾರೆಯ ಜೊತೆ ತೆಗೆಸಿಕೊಂಡ ಫೋಟೋ. ನಮ್ಮ ಹುಡುಗಿ ಫೋಟೋ ನೋಡಿದಳು, ಸರ್ಟಿಫಿಕೇಟ್ ನೋಡಲಿಲ್ಲ. ಮೊದಲ ಸಲ ಹಾಕಿದ್ದು ಸಾಲಲಿಲ್ಲ ಅನ್ನಿಸಿತು, ಎರಡು ತಿಂಗಳಿಗೆ ಇನ್ನೊಂದು ಸಲ. ತಾಯಿಗೆ "ಲಿಪ್‌ಸ್ಟಿಕ್ ಬೇರೆ ಕಂಪನಿದು" ಅಂತ ಹೇಳಿದ್ದಳು. ಆಂಟಿ ನಂಬಿದರು. ಟೈಲರಿಂಗ್ ಮಾಡುವ ಹೆಂಗಸು, ಅರ್ಧ ಇಂಚಿನ ವ್ಯತ್ಯಾಸ ಗೊತ್ತಾಗದೇ ಇರುತ್ತಾ? ಗೊತ್ತಾಗಿಯೂ ನಂಬಿದರು ಅಂತ ನನಗನ್ನಿಸುತ್ತೆ.

ಸೆಕೆಂಡ್ ಹೀರೋಯಿನ್ ಪಾತ್ರ ಏನಾಯಿತು? ಬೇರೆಯವರಿಗೆ ಹೋಯಿತು. ಇವಳಿಗೆ ಸಿಕ್ಕಿದ್ದು ಆ ಆರತಿ ತಟ್ಟೆ.

ಈ ವರ್ಷ ಫೆಬ್ರವರಿಯಲ್ಲಿ ಒಂದು ರಾತ್ರಿ ಮೆಟ್ಟಿಲ ಮೇಲೆ ಸಿಕ್ಕಳು. ಮಾಸ್ಕ್ ಹಾಕಿದ್ದಳು. "ಅಣ್ಣ, ಗುರುವಾರ ಬೆಳಗ್ಗೆ ಫ್ರೀ ಇದ್ದೀಯಾ? ಜಯನಗರಕ್ಕೆ ಬರಬೇಕು. ಅಮ್ಮಂಗೆ ಹೇಳಬೇಡ." ಏನು ಅಂದೆ. ಮಾಸ್ಕ್ ಇಳಿಸಿದಳು. ಮೇಲ್ದುಟಿಯ ಬಲಕ್ಕೆ ಕಡಲೆಕಾಳಿನಷ್ಟು ಗಂಟು. ತುಟಿಯ ಅಂಚು ದಾಟಿ ಮೇಲಕ್ಕೂ ಹರಡಿ, ಮೂಗಿನ ಕೆಳಗೆ ಒಂದು ದಿಂಬು ಇಟ್ಟ ಹಾಗೆ. "ತೆಗೆಸಿಬಿಡ್ತೀನಿ. ಒಬ್ಬಳೇ ಬರಬೇಡ ಅಂದಿದ್ದಾರೆ ಡಾಕ್ಟ್ರು."

ಆಮೇಲೆ ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿದೆ. ಗಂಟಿಗಿಂತ ಅವಳಿಗೆ ಕಷ್ಟವಾಗಿದ್ದು ಡಬ್ಬಿಂಗ್. ಪ, ಬ, ಮ ಹೇಳಬೇಕಾದರೆ ಎರಡು ತುಟಿ ಕೂಡಬೇಕು ತಾನೇ? ಇವಳದು ಕೂಡುತ್ತಿತ್ತು, ಆದರೆ ಬಿಡುವಾಗ ತಡವಾಗುತ್ತಿತ್ತು. "ಅಪ್ಪ, ಬಾಗಿಲು ತೆಗಿ" ಅನ್ನೋ ಒಂದು ಸಾಲಿಗೆ ಹದಿನೇಳು ಟೇಕ್. ಸೌಂಡ್ ಇಂಜಿನಿಯರ್ ಗಾಜಿನ ಆಚೆಯಿಂದ "ಅಮ್ಮಾ, ಬಾಯಲ್ಲಿ ಏನಾದ್ರೂ ಇದ್ರೆ ಉಗಿದು ಬನ್ನಿ" ಅಂದರಂತೆ. ಕೊನೆಗೆ ಆ ಸಾಲನ್ನು ಬೇರೆ ಹುಡುಗಿಯ ಕೈಲಿ ಹೇಳಿಸಿದರು. ಮುಖ ಇವಳದು, "ಅಪ್ಪ" ಇನ್ನೊಬ್ಬಳದು. ತಂದೆ ಇಲ್ಲದ ಹುಡುಗಿ ಅದು.

ಗುರುವಾರ ಮೆಟ್ರೋದಲ್ಲಿ ಹೋದೆವು. ಬನಶಂಕರಿಯಲ್ಲಿ ಹತ್ತಿ ಜಯನಗರದಲ್ಲಿ ಇಳಿಯೋದು, ಕೂತುಕೊಳ್ಳೋಕೂ ಟೈಮ್ ಸಾಲದು. ಕ್ಲಿನಿಕ್ಕು ನಾಲ್ಕನೇ ಬ್ಲಾಕ್ ಹತ್ತಿರ. ಚರ್ಮದ ಡಾಕ್ಟ್ರು, ಐವತ್ತರ ಆಸುಪಾಸಿನ ಹೆಂಗಸು, ಜೋರಾಗಿ ಮಾತಾಡುವವರು. ಒಳಗೆ ಹೋಗುವಾಗಲೇ ಗೋಡೆ ಮೇಲೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ನೋಂದಣಿ ಪತ್ರ ಕಣ್ಣಿಗೆ ಬಿತ್ತು. 2007ರ ಕಾಯ್ದೆ ಅದು, ಕರ್ನಾಟಕದಲ್ಲಿ ಕ್ಲಿನಿಕ್ ನಡೆಸುವವರೆಲ್ಲ ಪಡೆಯಬೇಕಾದ ಕಾಗದ. ಮುಂಚೆ ಸಾವಿರ ಸಲ ಇಂಥ ಗೋಡೆ ದಾಟಿದ್ದೇನೆ, ಓದಿದ್ದು ಅವತ್ತೇ.

ಡಾಕ್ಟರ ಮೊದಲ ಪ್ರಶ್ನೆ: "ಏನು ಹಾಕಿದ್ದಾರೆ?"

"ಫಿಲ್ಲರ್ ಮೇಡಂ."

"ಅದು ಗೊತ್ತು. ಯಾವ ಫಿಲ್ಲರ್? ಡಬ್ಬದ ಮೇಲಿನ ಸ್ಟಿಕ್ಕರ್ ಕೊಟ್ಟಿದ್ದಾರಾ?"

ಕೊಟ್ಟಿರಲಿಲ್ಲ. ಸರಿಯಾದ ಫಿಲ್ಲರ್ ಸಿರಿಂಜಿನ ಡಬ್ಬದಲ್ಲಿ ಬ್ಯಾಚ್ ನಂಬರಿನ ಸ್ಟಿಕ್ಕರ್ ಇರುತ್ತೆ, ಅದನ್ನು ನಮ್ಮ ಫೈಲಿಗೆ ಅಂಟಿಸಿ ಕೊಡಬೇಕು. ಇವಳ ಹತ್ತಿರ ಇದ್ದದ್ದು ವಾಟ್ಸಪ್ಪಿನಲ್ಲಿ ಬಂದ ಒಂದು ಮಸುಕು ಫೋಟೋ. ಡಾಕ್ಟ್ರು ಅದನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ, ಕನ್ನಡಕ ತೆಗೆದು ನೋಡಿದರು. ನನಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಅಂತ ಅರ್ಥವಾಗಲಿಲ್ಲ. ಆಮೇಲೆ ವಿವರಿಸಿದರು. ನಾನು ಪಿಯುಸಿ ಬಿಟ್ಟವನು, ನನಗೇ ಅರ್ಥವಾಗಿದೆ ಅಂದಮೇಲೆ ನಿಮಗೂ ಆಗುತ್ತೆ, ಕೇಳಿ.

ತುಟಿಗೆ ಇವತ್ತು ಹೆಚ್ಚಾಗಿ ಹಾಕುವ ವಸ್ತುವಿನ ಹೆಸರು ಹಯಲುರಾನಿಕ್ ಆಸಿಡ್. ಆಸಿಡ್ ಅಂದಾಕ್ಷಣ ಹೆದರಬೇಡಿ, ಬ್ಯಾಟರಿ ಆಸಿಡ್ ಅಲ್ಲ. ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ, ಕಣ್ಣೊಳಗೆ ಇರುವ ಲೋಳೆ ಪದಾರ್ಥವೇ ಅದು. 1934ರಲ್ಲಿ ಅಮೆರಿಕದ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬಿಬ್ಬರು ಹಸುವಿನ ಕಣ್ಣಿನಿಂದ ಮೊದಲು ತೆಗೆದರು. ಆಮೇಲೆ ಹುಂಜದ ಜುಟ್ಟಿನಿಂದಲೂ ತೆಗೆದರು, ಈಗ ಬ್ಯಾಕ್ಟೀರಿಯಾ ಬೆಳೆಸಿ ತೆಗೆಯುತ್ತಾರೆ. ನೀರನ್ನು ಹಿಡಿದಿಟ್ಟುಕೊಳ್ಳೋದು ಅದರ ಗುಣ. ಎಪ್ಪತ್ತು ಕೆಜಿ ಮನುಷ್ಯನ ಮೈಯಲ್ಲಿ ಸುಮಾರು 15 ಗ್ರಾಂ ಇರುತ್ತಂತೆ, ಅದರಲ್ಲಿ ಮೂರನೇ ಒಂದು ಭಾಗ ದಿನಾ ಕರಗಿ ಮತ್ತೆ ಹುಟ್ಟುತ್ತಲೇ ಇರುತ್ತೆ. ಹಾಗೇ ಹಾಕಿದರೆ ತುಟಿ ಎರಡೇ ದಿನಕ್ಕೆ ಮೊದಲಿನಂತಾಗುತ್ತೆ. ಅದಕ್ಕೆ ಕಂಪನಿಯವರು ಆ ಎಳೆಗಳನ್ನು ಒಂದಕ್ಕೊಂದು ರಾಸಾಯನಿಕದಿಂದ ಹೆಣೆದು ಜೆಲ್ ಮಾಡುತ್ತಾರೆ. ಹೆಣಿಗೆ ಬಿಚ್ಚೋಕೆ ದೇಹಕ್ಕೆ ತಿಂಗಳುಗಟ್ಟಲೆ ಬೇಕು. ಆರು ತಿಂಗಳು, ವರ್ಷ ಅಂತ ಹೇಳ್ತಾರೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿದದ್ದೂ ಸ್ಕ್ಯಾನಿನಲ್ಲಿ ಕಂಡಿದೆ. ಅಮೆರಿಕದಲ್ಲಿ ಇಂಥ ಜೆಲ್ಲಿಗೆ ಸರಕಾರದ ಒಪ್ಪಿಗೆ ಸಿಕ್ಕಿದ್ದು 2003ರಲ್ಲಿ, ತುಟಿಗೇ ಅಂತ ಸಿಕ್ಕಿದ್ದು 2011ರಲ್ಲಿ. ಅಂದರೆ ತೀರಾ ಹಳೆಯ ವಿದ್ಯೆಯೇನಲ್ಲ.

ಕರಗಿಸುವ ಔಷಧಿಯ ಹೆಸರು ಹಯಲುರಾನಿಡೇಸ್. ಕಣ್ಣಿನ ಆಪರೇಶನ್ ಮಾಡುವಾಗ ಮರಗಟ್ಟಿಸುವ ಔಷಧಿ ಚೆನ್ನಾಗಿ ಹರಡಲಿ ಅಂತ ಅದರ ಜೊತೆ ಇದನ್ನು ಬೆರೆಸೋದು ಹಳೆಯ ಪದ್ಧತಿ. ಟಗರು, ಹೋರಿಗಳ ಬೀಜದಿಂದ ತೆಗೆಯುತ್ತಾರೆ, ಪ್ರಯೋಗಾಲಯದಲ್ಲೂ ತಯಾರಿಸುತ್ತಾರೆ. (ಶಿವಣ್ಣನ 'ಟಗರು' ಮೂರು ಸಲ ನೋಡಿದವನು ನಾನು, ಟಗರಿನ ಈ ಉಪಯೋಗ ಸೂರಿಯವರಿಗೂ ಹೊಳೆದಿರಲಿಕ್ಕಿಲ್ಲ.) ಹೆಣೆದ ಜೆಲ್ಲನ್ನು ಇದು ಕತ್ತರಿ ಹಾಕಿದ ಹಾಗೆ ತುಂಡು ಮಾಡುತ್ತೆ. ಆದರೆ ಹಯಲುರಾನಿಕ್ ಜೆಲ್ಲನ್ನು ಮಾತ್ರ! ಒಳಗೆ ಹೋಗಿರೋದು ಸಿಲಿಕೋನ್ ಆಗಿದ್ದರೆ, ಪ್ಲಾಸ್ಟಿಕ್ ಕಣದಂಥದ್ದು ಆಗಿದ್ದರೆ, ಈ ಔಷಧಿ ಅದನ್ನು ಮುಟ್ಟೋದೂ ಇಲ್ಲ. ಆಗ ಚಾಕು ಹಿಡಿಯಬೇಕು, ಪೂರ್ತಿ ಬರುತ್ತೆ ಅನ್ನೋ ಗ್ಯಾರಂಟಿಯೂ ಇಲ್ಲ. ಸ್ಟಿಕ್ಕರಿನ ಮಹತ್ವ ಈಗ ತಿಳಿಯಿತಲ್ಲ?

"ಏನು ಹಾಕಿದ್ದಾರೋ ದೇವರಿಗೇ ಗೊತ್ತು. ಸ್ವಲ್ಪ ಹಾಕಿ ನೋಡೋಣ. ಕರಗಿದರೆ ಪುಣ್ಯ" ಅಂದರು ಡಾಕ್ಟ್ರು. ಅವಳು ತಲೆ ಆಡಿಸಿದಳು. ಆಮೇಲೆ ಡಾಕ್ಟ್ರು ಫಾರಂ ತುಂಬುತ್ತಾ ಒಂದೊಂದೇ ಕೇಳಿದರು. ಬೇರೆ ಮಾತ್ರೆ ತಗೋತೀಯಾ? ಯಾವುದಾದರೂ ಔಷಧಿ ಒಗ್ಗಲ್ವಾ? ಆಮೇಲೆ, ತಲೆ ಎತ್ತದೇ:

"ಯಾವಾಗಲಾದರೂ ಜೇನು ಕಚ್ಚಿತ್ತಾ?"

ಗೆಳೆಯರೇ, ಕೂತ ಕುರ್ಚಿ ಇದ್ದಲ್ಲೇ ಕುಸಿದ ಹಾಗಾಯಿತು. ನನ್ನ ಸಾಲು ಇವರ ಕೈಗೆ ಹೇಗೆ ಬಂತು! ಮುಖ ನೋಡಿದೆ. ಡಾಕ್ಟ್ರು ತಮಾಷೆ ಮಾಡುತ್ತಿರಲಿಲ್ಲ. ಜೇನುಹುಳದ ವಿಷದಲ್ಲಿ, ಹಾವಿನ ವಿಷದಲ್ಲಿ ಕೂಡ ಇದೇ ಹಯಲುರಾನಿಡೇಸ್ ಇರುತ್ತಂತೆ. ವಿಷ ಕಚ್ಚಿದ ಜಾಗದಿಂದ ಸುತ್ತ ಹರಡೋಕೆ ದಾರಿ ಮಾಡಿಕೊಡೋದು ಅದೇ. ಜೇನು ಕಚ್ಚಿ ಮೈಯೆಲ್ಲ ಊದಿಕೊಂಡು ಉಸಿರು ಕಟ್ಟಿದ ಅನುಭವ ಇರುವವರಿಗೆ ಈ ಔಷಧಿಯೂ ಒಗ್ಗದೇ ಹೋಗಬಹುದು, ಅದಕ್ಕೆ ಕೇಳಲೇಬೇಕಾದ ಪ್ರಶ್ನೆ ಅದು. 'ನಾಗರಹಾವು' 1972ರಲ್ಲಿ ಬಂದದ್ದು, ನಾನು ಹುಟ್ಟಿದ್ದು ಅದಕ್ಕೆ ಇಪ್ಪತ್ತೈದು ವರ್ಷದ ಮೇಲೆ. ಆದರೂ ಹಾವಿನ ದ್ವೇಷದ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಆ ಸಿನಿಮಾದಿಂದ. ವಿಷದೊಳಗೆ ಏನಿರುತ್ತೆ ಅಂತ ತಿಳಿದದ್ದು ಜಯನಗರದಲ್ಲಿ.

"ಇಲ್ಲ ಮೇಡಂ, ನಿಜವಾದ ಜೇನು ಕಚ್ಚಿಲ್ಲ" ಅಂದಳು ಹುಡುಗಿ. ನನ್ನ ಕಡೆ ನೋಡಲಿಲ್ಲ.

ಮೊದಲು ಮುಂಗೈಗೆ ಚೂರು ಚುಚ್ಚಿ ಅರ್ಧ ಗಂಟೆ ಕೂರಿಸಿದರು, ಕೆಂಪಗೆ ಊದುತ್ತಾ ನೋಡೋಕೆ. ಆ ಅರ್ಧ ಗಂಟೆ ಹೊರಗಿನ ಬೆಂಚಿನ ಮೇಲೆ ನಾವಿಬ್ಬರೂ. ಎದುರಿಗೆ ಟೀವಿ. ಅದರಲ್ಲಿ ಮುಂಬಯಿಯ ಉರ್ಫಿ ಜಾವೇದ್ ಸುದ್ದಿ ಬಂದದ್ದು ನೆನಪಿದೆಯಾ ಅಂತ ಅವಳೇ ಕೇಳಿದಳು. 2025ರ ಜುಲೈನಲ್ಲಿ ಆಕೆ ತುಟಿ ಕರಗಿಸಿಕೊಳ್ಳುವ ವೀಡಿಯೋವನ್ನೇ ಹಾಕಿದ್ದರು. ಹದಿನೆಂಟನೇ ವಯಸ್ಸಿನಿಂದ ಹಾಕಿಸಿಕೊಂಡದ್ದು ಸರಿಯಾಗಿ ಕೂತಿರಲಿಲ್ಲ, ತೆಗೆಸುತ್ತಿದ್ದೇನೆ ಅಂತ. ಊದಿದ ಮುಖ ನೋಡಿ ಊರೆಲ್ಲ ನಕ್ಕಿತು. "ನಾನು ನಗಲಿಲ್ಲ ಅಣ್ಣ. ಆ ವೀಡಿಯೋ ನೋಡೇ ಇದನ್ನ ತೆಗೆಸಬಹುದು ಅಂತ ಗೊತ್ತಾಗಿದ್ದು" ಅಂದಳು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ನಮ್ಮ ಬೆಂಗಳೂರಿನಲ್ಲೇ ಬೆಳೆದ, ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ ಅನುಷ್ಕಾ ಶರ್ಮಾ 2014ರಲ್ಲಿ ಟೀವಿಯಲ್ಲಿ ಕಾಣಿಸಿಕೊಂಡಾಗ ತುಟಿಯ ಮೇಲೆ ದೇಶವೇ ಚರ್ಚೆ ನಡೆಸಿತು. ಆಗ ತಾತ್ಕಾಲಿಕ ಸಾಧನ, ಮೇಕಪ್ಪು ಅಂದರು. 2016ರಲ್ಲಿ, ಹೌದು, 'ಬಾಂಬೆ ವೆಲ್ವೆಟ್' ಚಿತ್ರದ ಹಾಡುಗಾರ್ತಿಯ ಪಾತ್ರಕ್ಕಾಗಿ ಮಾಡಿಸಿದ್ದೆ ಅಂತ ಒಪ್ಪಿಕೊಂಡರು. ಒಪ್ಪಿಕೊಳ್ಳೋಕೆ ಎರಡು ವರ್ಷ! ಅಷ್ಟು ಎತ್ತರದಲ್ಲಿ ನಿಂತವರಿಗೇ ಅಷ್ಟು ಭಯ ಇದ್ದರೆ ಆರತಿ ತಟ್ಟೆ ಹಿಡಿದವಳ ಗತಿ ಏನು?

ನಮ್ಮಲ್ಲಿ ಇನ್ನೂ ಕೆಟ್ಟದ್ದು ನಡೆದಿದೆ. 2022ರ ಮೇ 16ರಂದು ಕಿರುತೆರೆಯ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋದವರು ಮನೆಗೆ ಬರಲಿಲ್ಲ. ವಯಸ್ಸು 21. ತಮಗೆ ಹೇಳದೇ ಹೋಗಿದ್ದಳು ಅಂತ ಹೆತ್ತವರು ಅತ್ತದ್ದನ್ನು ಟೀವಿಯಲ್ಲಿ ನೀವೂ ನೋಡಿರುತ್ತೀರಿ. ಮರು ತಿಂಗಳೇ ಸ್ವಾತಿ ಸತೀಶ್, ಹಲ್ಲಿನ ಬೇರಿನ ಚಿಕಿತ್ಸೆಗೆ ಹೋಗಿ ಊದಿದ ಮುಖದೊಂದಿಗೆ ಸುದ್ದಿಯಾದರು. ಆಗ ನಾನು ಈ ಕಸುಬಿಗೆ ಹೊಸಬ. ಎರಡೂ ಸುದ್ದಿಗೆ ಸಾಲು ಬರೆದಿದ್ದೇನೆ. ಎರಡರಲ್ಲೂ ಮೊದಲ ಪದ "ಪಾಪ".

ಬೆಂಚಿನ ಮೇಲೆ ಕೂತಾಗ ನನಗೆ ನೆನಪಾದದ್ದು ಪಕ್ಕದಲ್ಲೇ ಇದ್ದ ಪುಟ್ಟಣ್ಣ ಥಿಯೇಟರು. ಕಾಂಪ್ಲೆಕ್ಸಿನ ಜೊತೆ ಅಂಟಿಕೊಂಡಿತ್ತು, ಈಗಿಲ್ಲ. ಚಿಕ್ಕವನಿದ್ದಾಗ ಅಪ್ಪ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಪುಟ್ಟಣ್ಣ ಕಣಗಾಲರ ಕ್ಲೋಸಪ್ ಬಗ್ಗೆ ಅಪ್ಪ ಮಾತಾಡಿದರೆ ಊಟ ಆರಿ ಹೋಗುತ್ತಿತ್ತು. 'ಶರಪಂಜರ'ದಲ್ಲಿ ಕಲ್ಪನಾ, 'ಎಡಕಲ್ಲು ಗುಡ್ಡದ ಮೇಲೆ'ಯಲ್ಲಿ ಜಯಂತಿ... ತುಟಿ ಒಂದಿಷ್ಟು ಅದುರಿದರೆ ಸಾಕು, ಬಾಲ್ಕನಿಯವರೆಗೂ ತಲುಪುತ್ತಿತ್ತು. ಆ ತುಟಿ ದಪ್ಪವೋ ತೆಳುವೋ ನಮ್ಮಪ್ಪ ಒಂದು ದಿನವೂ ಹೇಳಲಿಲ್ಲ. ಹಾಗಂತ ಹಳೇ ಕಾಲದವರೆಲ್ಲ ಸಾಧುಗಳು ಅಂತ ನಾನು ಹೇಳಲ್ಲ. ಹಳೇ ಸಿನಿಮಾ ಪತ್ರಿಕೆಗಳನ್ನು ಅವೆನ್ಯೂ ರೋಡಿನಲ್ಲಿ ಕೊಂಡು ಓದಿದ್ದೇನೆ. ಅವುಗಳಲ್ಲೂ ನಟೀಮಣಿಯರ ಸೊಂಟದ ಲೆಕ್ಕ ಬರೆಯುವ ನನ್ನಂಥವನೊಬ್ಬ ಇದ್ದೇ ಇರುತ್ತಿದ್ದ. ನಮ್ಮ ಕಾವ್ಯದವರೂ ತುಟಿ ಅಂದರೆ ತೊಂಡೆಹಣ್ಣೇ ಆಗಬೇಕು ಅಂತ ಹಟ ಹಿಡಿದವರು. ಜಯನಗರದ ಮಾರ್ಕೆಟ್ಟಿನಲ್ಲಿ ತೊಂಡೆಕಾಯಿ ಹಸಿರಿರುವಾಗಲೇ ಮಾರಿ ಹೋಗುತ್ತೆ, ಹಣ್ಣು ಕಂಡವರು ಯಾರು?

ಮುಂಗೈ ಕೆಂಪಾಗಲಿಲ್ಲ. ಒಳಗೆ ಕರೆದರು. ಪುಡಿ ಇರುವ ಸಣ್ಣ ಬಾಟಲಿ, ಅದಕ್ಕೆ ಸಲೈನ್ ಹಾಕಿ ಅಲ್ಲಾಡಿಸಿ ಸಿರಿಂಜಿಗೆ ಎಳೆದರು. "ಉರಿಯುತ್ತೆ, ಸುಳ್ಳು ಹೇಳಲ್ಲ" ಅಂದರು. ಅವಳು ಒಂದೇ ಪ್ರಶ್ನೆ ಕೇಳಿದಳು: "ಮೇಡಂ, ನನ್ನ ಸ್ವಂತ ತುಟಿನೂ ಕರಗಿ ಹೋಗುತ್ತಾ?" ಮೊಬೈಲಿನಲ್ಲಿ ಯಾರೋ ಹಾಗೆ ಹೆದರಿಸಿದ್ದರಂತೆ. ಡಾಕ್ಟ್ರು ಸಿರಿಂಜು ಕೆಳಗಿಟ್ಟು ಉತ್ತರ ಕೊಟ್ಟರು. ಔಷಧಿಗೆ ನಿನ್ನದು, ಕಂಪನಿಯದು ಅಂತ ಭೇದ ಇಲ್ಲ, ಎರಡನ್ನೂ ಕತ್ತರಿಸುತ್ತೆ. ಆದರೆ ನಿನ್ನದು ದಿನಾ ಹುಟ್ಟುತ್ತೆ, ಕಂಪನಿಯದು ಹುಟ್ಟಲ್ಲ. ಔಷಧಿಯೂ ಮೈಯಲ್ಲಿ ಬಹಳ ಹೊತ್ತು ನಿಲ್ಲಲ್ಲ. ಹಿಗ್ಗಿದ ಚರ್ಮ ಸ್ವಲ್ಪ ದಿನ ಸಡಿಲ ಕಾಣಬಹುದು, ಮೊದಲಿಗಿಂತ ಸಣ್ಣದಾಯ್ತು ಅಂತ ಅನ್ನಿಸಬಹುದು. ಕಣ್ಣು ದೊಡ್ಡದಕ್ಕೆ ಒಗ್ಗಿಬಿಟ್ಟಿರುತ್ತಲ್ಲ, ಅದಕ್ಕೆ.

ನನ್ನನ್ನು ಹೊರಗೆ ಕಳಿಸಲಿಲ್ಲ. ಕೈ ಹಿಡಿದುಕೋ ಅಂದರು. ಐದಾರು ಕಡೆ ಚುಚ್ಚಿದರು, ಆಮೇಲೆ ಬೆರಳಿನಿಂದ ಚಪಾತಿ ಹಿಟ್ಟು ನಾದಿದ ಹಾಗೆ ತಿಕ್ಕಿದರು. ಅವಳ ಉಗುರು ನನ್ನ ಅಂಗೈಗೆ ಇಳಿಯಿತು. ಐದು ನಿಮಿಷ. ಹತ್ತು ನಿಮಿಷ. ಡಾಕ್ಟ್ರು ಮತ್ತೆ ಗಂಟಿನ ಜಾಗ ಒತ್ತಿದರು, ಕಣ್ಣು ಮುಚ್ಚಿಕೊಂಡು ಒತ್ತಿದರು. "ಮೆತ್ತಗಾಗ್ತಿದೆ" ಅಂದರು. "ನಿನ್ನ ಪುಣ್ಯ ಕಣಮ್ಮಾ, ಜೆಲ್ಲೇ ಹಾಕಿದ್ದಾರೆ." ಅವಳು ಅತ್ತಳು. ಉರಿಗೋ ಖುಷಿಗೋ ಕೇಳಲಿಲ್ಲ.

ಇನ್ನೊಂದು ಮಾತು ಡಾಕ್ಟ್ರು ನನಗೇ ಹೇಳಿ ಕಳಿಸಿದರು, ಬರೆಯುವವನು ಅಂತ ತಿಳಿದ ಮೇಲೆ. ಇದು ಬರೀ ಅಂದ ಚಂದದ ವಿಷಯ ಅಲ್ಲ. ಫಿಲ್ಲರ್ ತಪ್ಪಿ ರಕ್ತನಾಳದೊಳಗೆ ಹೋದರೆ ತುಟಿಗೆ, ಮೂಗಿಗೆ ರಕ್ತ ಹರಿಯೋದು ನಿಲ್ಲುತ್ತೆ. ಚರ್ಮ ಬಿಳುಚಿಕೊಂಡು, ಬಲೆ ಹಾಸಿದಂತೆ ನೀಲಿಯಾಗಿ, ವಿಪರೀತ ನೋವು ಬಂದರೆ "ನಾಳೆ ನೋಡೋಣ" ಅನ್ನುವ ಹಾಗಿಲ್ಲ. ಗಂಟೆಗಳೊಳಗೆ ಇದೇ ಕರಗಿಸುವ ಔಷಧಿಯನ್ನು ಜಾಸ್ತಿ ಪ್ರಮಾಣದಲ್ಲಿ, ಮತ್ತೆ ಮತ್ತೆ ಹಾಕಬೇಕು. ಇಲ್ಲದಿದ್ದರೆ ಚರ್ಮ ಸಾಯುತ್ತೆ. ಅಪರೂಪಕ್ಕೆ ಕಣ್ಣು ಹೋದದ್ದೂ ಉಂಟು. ಈ ಬಾಟಲಿ ಇಟ್ಟುಕೊಳ್ಳದವರು, ಬಳಸೋಕೆ ಬಾರದವರು ಫಿಲ್ಲರ್ ಮುಟ್ಟಲೇಬಾರದು ಅಂದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೂ, ಯೂಟ್ಯೂಬ್ ನೋಡಿ, ವರ್ಕ್‌ಶಾಪಿನಲ್ಲಿ ಕೂತು ಕಲಿತದ್ದು ಇಂಥ ಕೆಲಸಕ್ಕೆ ಸಾಲದು ಅಂತ ಡಾಕ್ಟ್ರುಗಳಿಗೇ ಹೇಳಿದೆ. ಪಾರ್ಲರಿನ ಮೂರು ದಿನದ ಸರ್ಟಿಫಿಕೇಟ್ ಯಾವ ಲೆಕ್ಕ?

ವಾಪಸ್ ಆಟೋದಲ್ಲಿ ಬಂದೆವು. ಅವಳ ಮುಖ ನೋಡುವ ಹಾಗಿರಲಿಲ್ಲ, ಕರಗಿಸೋಕೆ ಹೋದದ್ದು ದುಪ್ಪಟ್ಟು ಊದಿತ್ತು. ಊತ ಎರಡು ಮೂರು ದಿನ ಇರುತ್ತೆ ಅಂದಿದ್ದರು. ಮಾತಾಡೋಕೆ ಆಗುತ್ತಿರಲಿಲ್ಲ. ಸೌತ್ ಎಂಡ್ ಸರ್ಕಲ್ ಸಿಗ್ನಲಿನಲ್ಲಿ (ಡ್ರೈವರ್ ಯಾಕೋ ಸುತ್ತಿಸಿಕೊಂಡು ಬಂದ, ಮೀಟರ್ ಆಸೆಗೆ) ನನಗೆ ತಡೆಯಲಿಲ್ಲ. ಹೇಳಿಬಿಟ್ಟೆ. ಆ ಫೋಟೋ ಕೆಳಗಿನ ಸಾಲು ನಾನು ಬರೆದದ್ದು ಅಂತ.

ಅವಳು ಮೊಬೈಲ್ ತೆಗೆದಳು, ಟೈಪ್ ಮಾಡಿ ನನಗೆ ತೋರಿಸಿದಳು: "ಗೊತ್ತಿತ್ತು. ಪಾಪ ಅಂತ ಶುರು ಮಾಡೋದು ನೀನೊಬ್ಬನೇ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಟೈಪ್ ಮಾಡಿದಳು: "ಅಮ್ಮನೂ ಓದಿದ್ರು. ಯಾರು ಬರೆದಿದ್ದು ಅಂತ ಹೇಳಿಲ್ಲ."

ನಾನು ಕ್ಷಮಿಸು ಅಂದೆನಾ? ಅಂದೆ. ಆಟೋ ಶಬ್ದಕ್ಕೆ ಕೇಳಿಸಿತೋ ಇಲ್ಲವೋ. ಅವಳು ಹೊರಗೆ ನೋಡುತ್ತಿದ್ದಳು. ಇಳಿಯುವಾಗ ಬಾಡಿಗೆ ಅವಳೇ ಕೊಟ್ಟಳು, ನಾನು ಕೊಡೋಕೆ ಹೋದರೆ ಬಿಡಲಿಲ್ಲ.

ಆಂಟಿಗೆ ಅವತ್ತು ಸಂಜೆ ಅವಳೇ ಎಲ್ಲ ಹೇಳಿದಳಂತೆ. ನಮ್ಮ ಅಮ್ಮನ ಮೂಲಕ ನನಗೆ ತಿಳಿದ ಪ್ರಕಾರ ಬೈಗುಳ ಏನೂ ಬೀಳಲಿಲ್ಲ. ಮೂರು ದಿನ ರಾಗಿ ಗಂಜಿ ಮಾಡಿಕೊಟ್ಟರು, ಅಷ್ಟೇ. ಎರಡು ವಾರ ಕಳೆದು ಇನ್ನೊಮ್ಮೆ ಹೋಗಬೇಕಾಯಿತು, ಅಂಚಿನಲ್ಲಿ ಇನ್ನೂ ಚೂರು ಉಳಿದಿತ್ತು. ಈ ಸಲ ತಾಯಿಯೇ ಜೊತೆಗೆ ಹೋದರು. ಎರಡು ಸಲದ್ದು ಸೇರಿ ಖರ್ಚು ಹನ್ನೊಂದು ಸಾವಿರ. ತುಂಬಿಸಿದ್ದು ಹದಿನೆಂಟು, ತೆಗೆಸಿದ್ದು ಹನ್ನೊಂದು. ಕೋ-ಆರ್ಡಿನೇಟರ್ ಮಹಾಶಯ ಈಗ ಫೋನ್ ಎತ್ತುವುದಿಲ್ಲ.

ಈಗ ಅವಳ ತುಟಿ ಹೇಗಿದೆ ಅಂತ ಕೇಳ್ತೀರಿ, ನನಗೆ ಗೊತ್ತು. ಬರೆಯಲ್ಲ. ಧಾರಾವಾಹಿಯಲ್ಲಿ ನಾಯಕನ ತಂಗಿಯಾಗಿ ವಾರಕ್ಕೆ ಮೂರು ದಿನ ಬರುತ್ತಾಳೆ, ತನ್ನ ಮಾತು ತಾನೇ ಡಬ್ ಮಾಡುತ್ತಾಳೆ. ನನ್ನ ಜೊತೆ ಮಾತಾಡುತ್ತಾಳೆ, ಮೊದಲಿನಷ್ಟಲ್ಲ. ಮೆಟ್ಟಿಲ ಮೇಲೆ ಸಿಕ್ಕರೆ "ಊಟ ಆಯ್ತಾ ಅಣ್ಣ" ಅನ್ನುವಷ್ಟು.

ಕಳೆದ ತಿಂಗಳು ಹಳೇ ಪತ್ರಿಕೆಯವರು ಮತ್ತೆ ಎಂಟು ಫೋಟೋ ಕಳಿಸಿದರು. ಏಳಕ್ಕೆ ಸಾಲು ಬರೆದೆ. ಎಂಟನೆಯದರಲ್ಲಿ ಒಬ್ಬ ಹೊಸ ನಟಿ, ಆಡಿಯೋ ಬಿಡುಗಡೆಯ ವೇದಿಕೆ ಮೇಲೆ, ತುಟಿ... ಅದನ್ನು ಖಾಲಿ ಬಿಟ್ಟು ಕಳಿಸಿದೆ. ಮುನ್ನೂರೈವತ್ತು ರೂಪಾಯಿ ಬಂತು. ಮುಂದಿನ ವಾರ ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಬಿಡಿಸಿ ನೋಡಿದರೆ ಆ ಫೋಟೋ ಇತ್ತು, ಕೆಳಗೆ ಬೇರೆ ಯಾರೋ ಬರೆದ ಸಾಲೂ ಇತ್ತು. ನನ್ನದಕ್ಕಿಂತ ಚುರುಕಾಗಿಯೇ ಬರೆದಿದ್ದರು. ಅಂಗಡಿಯವರು "ಈ ವಾರ ನಿಂದು ಮಿಸ್ ಆಯ್ತಲ್ಲ ಗುರು" ಅಂದರು.